ನೀರೆಷ್ಟು ಬೇಕು, ಮೇಷ್ಟ್ರೇ?

ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ನನ್ನ ತಮ್ಮನಿಗೆ ಕೂಸಾಗಿದ್ದಾಗಲೇ ನಮ್ಮ ಚರ್ಚಿನಲ್ಲಿ ದೀಕ್ಷಾಸ್ನಾನ (ನೀರಿನಿಂದ ಕ್ರೈಸ್ತರಾಗುವ ಸಂಸ್ಕಾರ) ಆಗಿದೆ. ಈಗ ಬೇರೆ ಸಭೆಗೆ ಹೋಗುತ್ತಾನೆ. ತಲೆಗೆ ನೀರು ಹಾಕಿದ್ದು ಲೆಕ್ಕಕ್ಕಿಲ್ಲವಂತೆ, ಪೂರ್ತಿ ಮುಳುಗಬೇಕಂತೆ. ಮುಂದಿನ ತಿಂಗಳು ಮುಳುಗುತ್ತಾನೆ. ನಾನು ಹೋಗಬೇಕೋ ಬೇಡವೋ? ಅಂದಹಾಗೆ, ಪಾಪವೇ ಇಲ್ಲದ ಯೇಸುಸ್ವಾಮಿಗೆ ದೀಕ್ಷಾಸ್ನಾನ ಯಾಕೆ ಬೇಕಿತ್ತು?’

ಮೇಷ್ಟ್ರೇ, ನೀವು ಅಂದಹಾಗೆ ಅಂತ ಕೊನೆಗೆ ಸೇರಿಸಿದ್ದೇ ನಿಜವಾದ ಪ್ರಶ್ನೆ. ಮತ್ತಾಯನ ಸುವಾರ್ತೆಯ 3ನೇ ಅಧ್ಯಾಯ ತೆಗೆಯಿರಿ. ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದ ಯೋಹಾನನ ಮುಂದೆ ತಪ್ಪು ಒಪ್ಪಿಕೊಳ್ಳುವ ಜನ ಸೇರಿದ್ದಾರೆ. ಅವರ ನಡುವೆ ಯೇಸುಸ್ವಾಮಿಯೂ ಬಂದು ನಿಂತರು. ಯೋಹಾನ ಹಿಂಜರಿದ. ನಾನೇ ನಿನ್ನ ಕೈಲಿ ಮಾಡಿಸಿಕೊಳ್ಳಬೇಕು, ನೀನು ನನ್ನ ಹತ್ತಿರ ಬರೋದಾ ಅಂದ. ಸ್ವಾಮಿ ಬಿಡಲಿಲ್ಲ. ತಮಗಿಂತ ಸಣ್ಣ ಸ್ಥಾನದವನ ಕೈಕೆಳಗೆ ತಲೆ ಬಗ್ಗಿಸಿದರು. ನನ್ನ ಮಟ್ಟಿಗೆ ದೀಕ್ಷಾಸ್ನಾನದ ತಿರುಳು ಇಷ್ಟೇ. ಅದನ್ನು ಯಾರೂ ತಮಗೆ ತಾವೇ ಮಾಡಿಕೊಳ್ಳುವಂತಿಲ್ಲ.

ಮುಳುಗಿಸುವವರ ಮಾತಿನಲ್ಲೂ ಹುರುಳಿದೆ. ದೀಕ್ಷಾಸ್ನಾನ ಅಂದರೆ ಕ್ರಿಸ್ತನ ಜೊತೆ ಹೂಣಿಸಿಕೊಳ್ಳುವುದು ಅಂತ ಅಪೊಸ್ತಲ ಪೌಲನೇ ರೋಮಿನವರಿಗೆ ಬರೆದಿದ್ದಾನೆ. ಮುಳುಗಿ ಎದ್ದರೆ ಅದು ಕಣ್ಣಿಗೆ ಕಾಣುತ್ತದೆ, ಒಪ್ಪಿದೆ. ಆದರೆ ಮೊದಮೊದಲ ಕ್ರೈಸ್ತರ ಕಾಲದ ದಿದಾಖೆ ಎಂಬ ಪುಟ್ಟ ಹೊತ್ತಗೆ, ಅಷ್ಟು ನೀರು ಇಲ್ಲದಿದ್ದರೆ ತಲೆಗೆ ಮೂರು ಸಲ ಸುರಿದರೆ ಸಾಕು ಅನ್ನುತ್ತದೆ. ನೀರು ಅಳೆಯುವ ಜಗಳ ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ?

4ನೇ ಶತಮಾನದ ರೋಮಿನಲ್ಲಿ ವಿಕ್ಟೋರಿನಸ್ ಅಂತ ಭಾರೀ ವಿದ್ವಾಂಸನಿದ್ದ. ಬದುಕಿರುವಾಗಲೇ ಊರ ಚೌಕದಲ್ಲಿ ಪ್ರತಿಮೆ ನಿಲ್ಲಿಸಿಕೊಂಡ ಆಸಾಮಿ. ಅವನ ಕಥೆಯನ್ನು ಸಂತ ಅಗಸ್ಟೀನ್ ಬರೆದಿಟ್ಟಿದ್ದಾನೆ. ಮನೆಯಲ್ಲಿ ಕೂತು ಬೈಬಲ್ ಓದಿ, ನಾನೂ ಕ್ರೈಸ್ತನೇ ಅಂತ ಗುಟ್ಟಾಗಿ ಹೇಳುತ್ತಿದ್ದನಂತೆ. ಹಾಗಾದರೆ ಚರ್ಚಿಗೆ ಬಾ ಅಂದರೆ, ಗೋಡೆಗಳೇನು ಕ್ರೈಸ್ತರನ್ನು ಮಾಡ್ತಾವಾ ಅಂತ ನಗುತ್ತಿದ್ದ. ಒಳಗೊಳಗೆ ದೊಡ್ಡಮನುಷ್ಯ ಗೆಳೆಯರ ಭಯ. ಕೊನೆಗೆ ತಾನೇ ನಾಚಿ ಬಂದ. ಬೇಕಾದರೆ ಮರೆಯಲ್ಲೇ ವಿಶ್ವಾಸ ಪ್ರಕಟಿಸಿ ಅಂತ ಪಾದ್ರಿಗಳೇ ಸವಲತ್ತು ಕೊಟ್ಟರು. ಬೇಡ ಅಂದ. ಹೆಸರು ಬರೆಸಿ, ಎಲ್ಲರೆದುರು ನಿಂತು, ಗಟ್ಟಿಯಾಗಿ ಹೇಳಿದ. ಇಂಥವನನ್ನು ಮುಳುಗಿಸಿದರೋ ನೀರು ಹುಯ್ದರೋ ಅಂತ ಕೇಳಲು ನನಗೆ ಮನಸ್ಸೇ ಬರುವುದಿಲ್ಲ.

ನಮ್ಮ ಕಡೆಯದೂ ಒಂದು ಹೇಳುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ದುಬೋಯ್. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವನ ಹೆಸರಿನ ಚರ್ಚು ಈಗಲೂ ಇದೆ. ನಮ್ಮವರ ಹಾಗೇ ಉಟ್ಟು, ನಮ್ಮವರ ಊಟ ಉಂಡು, ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದ. 1823ರಲ್ಲಿ ಊರಿಗೆ ಮರಳುವ ಹೊತ್ತಿಗೆ, ತಾನು ಕ್ರೈಸ್ತರನ್ನಾಗಿ ಮಾಡಿದವರು ಬಹಳ ಕಡಿಮೆ ಅಂತ ಮುಚ್ಚುಮರೆಯಿಲ್ಲದೆ ಬರೆದ. ಈಗ ನೋಡಿ, ಎಷ್ಟು ಜನ ಮುಳುಗಿದರು ಅಂತ ಫ್ಲೆಕ್ಸ್ ಹಾಕಿಸುತ್ತಾರೆ.

ಕೂಸಿಗೆ ನೀರು ಹಾಕಿಸುವ ನಾವೇನು ಕಮ್ಮಿಯಿಲ್ಲ. ಮೊನ್ನೆ ಮೈಸೂರಿನ ಒಂದು ಚರ್ಚಿನಲ್ಲಿ ಫೋಟೋದವನು, ‘ಫಾದರ್, ಫ್ಲ್ಯಾಶ್ ಬರ್ಲಿಲ್ಲ, ಇನ್ನೊಂದ್ಸಲ ಹಾಕಿ’ ಅಂದ. ಬಿಳಿ ಫ್ರಾಕಿನ ಕೂಸು ಆಗಲೇ ಒದ್ದೆಯಾಗಿ ಕಿರುಚುತ್ತಿತ್ತು. ಕೂಸಿನ ವಿಶ್ವಾಸಕ್ಕೆ ಹೊಣೆ ನಿಂತ ಜ್ಞಾನತಂದೆ ಮಾತ್ರ ಕ್ಯಾಮೆರಾ ಕಡೆ ತಿರುಗಿ, ಟೈ ಸರಿಮಾಡಿಕೊಂಡು ತಯಾರಾದರು! ಫಾದರ್ ಬಟ್ಟಲು ಕೆಳಗಿಟ್ಟು ಪುಸ್ತಕದ ಹಾಳೆ ತಿರುಗಿಸಿದರು.

ನಿಮ್ಮ ಮೇಲೂ ಒಂದು ದೂರಿದೆ, ಬೇಸರ ಮಾಡ್ಕೋಬೇಡಿ. ಮೂರು ಪುಟದ ಪತ್ರದಲ್ಲಿ ಎರಡು ಪುಟ ನಮ್ಮ ಚರ್ಚೇ ಹಳೆಯದು ಅನ್ನುವುದಕ್ಕೇ ಹೋಗಿದೆ. ನಿಮ್ಮ ತಮ್ಮ ಎರಡನೇ ಸಲ ದೀಕ್ಷಾಸ್ನಾನ ಪಡೆಯುವುದನ್ನು ನಾನೂ ಒಪ್ಪುವುದಿಲ್ಲ. ಆದರೂ ಹೋಗಿ. ಅಲ್ಲಿ ವಾದ ತೆಗೆಯಬೇಡಿ, ಊಟ ಮಾಡಿಕೊಂಡೇ ಬನ್ನಿ.

ಇದಕ್ಕಿಂತ ದೊಡ್ಡ ಸಂಕಟ ನನಗೆ ಬೇರೆ ಇದೆ. ದೀಕ್ಷಾಸ್ನಾನ ಪಡೆದವರಲ್ಲಿ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ ಅನ್ನುವ ಭೇದ ಇಲ್ಲ ಅಂತ ಪೌಲ ಗಲಾತ್ಯದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿದೆ. ನಮ್ಮ ಪತ್ರಿಕೆಗೆ ಬರುವ ವಧೂವರರ ಜಾಹೀರಾತಿನಲ್ಲಿ ‘ಕ್ರೈಸ್ತ’ ಅಂತ ಬರೆದು, ಪಕ್ಕದಲ್ಲೇ ಅಜ್ಜನ ಕಾಲದ ಜಾತಿಯನ್ನೂ ಬರೆದಿರುತ್ತಾರೆ. ಕೊಳದಲ್ಲಿ ಮುಳುಗಿದವರೂ ಬರೆಯುತ್ತಾರೆ, ಬಟ್ಟಲಿನ ನೀರು ಹಾಕಿಸಿಕೊಂಡವರೂ ಬರೆಯುತ್ತಾರೆ. ಇದರಲ್ಲಿ ಮಾತ್ರ ಎರಡೂ ಕಡೆಯವರು ಒಂದೇ. ಜಾತಿ ಸೇರಿಸಿದ ಜಾಹೀರಾತನ್ನು ಮುಂದಿನ ಸಂಚಿಕೆಯಿಂದ ತೆಗೆದುಕೊಳ್ಳುವುದಿಲ್ಲ. ವರಮಾನ ಹೋಯಿತಲ್ಲ ಅಂತ ನಮ್ಮ ಮ್ಯಾನೇಜರ್ ಈಗಲೇ ಮುಖ ಊದಿಸಿಕೊಂಡಿದ್ದಾರೆ.

— ಸಂಪಾದಕ