ಫ್ರೆಂಚ್ ಅಂಡ್ ಸೌಂಡರ್ಸ್: ಮೂರನೇ ಸರಣಿಯಿಂದ ನೋಡಿ

ಬ್ರಿಟಿಷ್ ಟಿವಿ ಹಾಸ್ಯ ಕಾರ್ಯಕ್ರಮ ‘ಫ್ರೆಂಚ್ ಅಂಡ್ ಸೌಂಡರ್ಸ್’ನ ಮೊದಲ ಸರಣಿಯ ಎರಡು ಕಂತು ನೋಡಿ ಬೇಸರವಾಯ್ತು, ಮುಂದುವರಿಸಬೇಕಾ ಅಂತ ಕೇಳಿದ್ದೀರಿ. ಖಂಡಿತ ಮುಂದುವರಿಸಿ, ಆದರೆ ಅಲ್ಲಿಂದಲ್ಲ. 1987ರ ಆ ಬಿಬಿಸಿ ಸರಣಿಯಲ್ಲಿ ಹಾಸ್ಯ ನಟಿಯರಾದ ಡಾನ್ ಫ್ರೆಂಚ್, ಜೆನಿಫರ್ ಸೌಂಡರ್ಸ್ ನಡೆಸೋದು ಕಾಸಿಲ್ಲದ ಒಂದು ವೆರೈಟಿ ಷೋ, ಅಂದರೆ ಹಾಡು, ಕುಣಿತ, ಹಾಸ್ಯ ಎಲ್ಲ ಬೆರೆತ ಕಾರ್ಯಕ್ರಮ. ವಯಸ್ಸಾದ ನರ್ತಕರೂ ಸೇರಿ ಎಲ್ಲವೂ ಬೇಕಂತಲೇ ಕಳಪೆ. ಅದು ಗೊತ್ತಿಲ್ಲದೆ ನೋಡಿದರೆ ಕಾರ್ಯಕ್ರಮವೇ ಸಪ್ಪೆ ಅನಿಸುತ್ತೆ.

1990ರ ಮೂರನೇ ಸರಣಿ ಹಾಕಿ. ಅದರಲ್ಲಿ ತಾಯಿ-ಮಗಳ ಸ್ಕೆಚ್ (ಕಿರು ಹಾಸ್ಯ ದೃಶ್ಯ) ಮಾತ್ರ ಬಿಡಲೇಬೇಡಿ: ಅಮ್ಮ ಸೌಂಡರ್ಸ್ ಹುಡುಗಾಟದವಳು, ಮಗಳು ಫ್ರೆಂಚ್ ಹಿರಿಯಳ ಹಾಗೆ ಗದರುವವಳು. 1992ರ ಹಾಸ್ಯ ಧಾರಾವಾಹಿ ‘ಆಬ್ಸಲ್ಯೂಟ್ಲಿ ಫ್ಯಾಬ್ಯುಲಸ್’ ಹುಟ್ಟಿದ್ದೇ ಇದರಿಂದ; ಅಲ್ಲಿ ಮಗಳ ಪಾತ್ರ ಜೂಲಿಯಾ ಸವಾಲಾಗೆ ಹೋಯ್ತು. ಇನ್ನು ಈ ಕಾರ್ಯಕ್ರಮದಲ್ಲಿ ಬರುವ ಸಿನಿಮಾ ಅಣಕಗಳನ್ನು ನೋಡೋ ಮುಂಚೆ ಮೂಲ ಚಿತ್ರ ನೋಡಿರಲೇಬೇಕು. ಸೆಟ್ಟು, ಬೆಳಕು, ಉಡುಪು ಅಷ್ಟು ತದ್ರೂಪ ಇರೋದರಿಂದಲೇ ನಗು ಬರೋದು.