ಮೈನರ್ ಓದಿ ಬೋರ್ಡು ಹಾಕಬಹುದೇ?

ಪ್ರಶ್ನೆ: ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ಆಪ್ತಸಮಾಲೋಚನೆ ನನ್ನ ಮೈನರ್, ಅಂದರೆ ಉಪವಿಷಯ. ಗೆಳತಿಯರಿಗೆ ಏನೇ ಕಷ್ಟ ಬಂದರೂ ನನ್ನ ಹತ್ತಿರವೇ ಬರುತ್ತಾರೆ. ಡಿಗ್ರಿ ಮುಗಿಸಿ ‘ಕೌನ್ಸೆಲರ್’ ಎಂದು ಬೋರ್ಡು ಹಾಕಬಹುದೇ?
– ತಿಪಟೂರಿನ ಓದುಗರು

ಬೇಡ. ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಗೆಳತಿಯರು ಬರುತ್ತಾರೆಂದರೆ ನೀವು ಒಳ್ಳೆಯ ಗೆಳತಿ, ಅಷ್ಟೇ. ಸಲಹೆ ಕೊಡುವುದು ನಮ್ಮಲ್ಲಿ ಕಟ್ಟೆ ಮೇಲೆ ಕೂತವರಿಗೂ ಬರುತ್ತದೆ. ಕೊಡದೆ ಇರುವುದನ್ನು ಕಲಿಯಲು ವರ್ಷಗಳು ಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ಮೊದಲ ಸೆಷನ್ನಿನ ಮಾತುಕತೆಯನ್ನು ಅಕ್ಷರಶಃ ಬರೆದು ಒಪ್ಪಿಸಿದ್ದೆ. ‘ಇಪ್ಪತ್ತು ನಿಮಿಷ, ಹನ್ನೊಂದು ಬುದ್ಧಿವಾದ’ ಎಂದು ಕೆಂಪು ಶಾಯಿಯಲ್ಲಿ ಗೀಚಿ ಮೇಡಂ ವಾಪಸ್ ಕೊಟ್ಟರು. ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹೇಳಿದ ಷರತ್ತಿಲ್ಲದ ಸ್ವೀಕಾರದ ಮೇಲೆ ಐದು ಅಂಕದ ಟಿಪ್ಪಣಿ ಯಾರಾದರೂ ಬರೆದಾರು. ಎದುರಿಗೆ ಕೂತವಳು ‘ಹೊಡೆದರೂ ಅವನ ಹತ್ತಿರವೇ ಹೋಗ್ತೀನಿ’ ಎಂದಾಗ ಮುಖ ಗಂಟಿಕ್ಕದೆ ಕೂತು ನೋಡಿ!

ಇನ್ನೊಂದು. ಹದಿನೆಂಟು ತುಂಬದ ಹುಡುಗಿ ತನ್ನ ಮೇಲಾದ ಲೈಂಗಿಕ ದೌರ್ಜನ್ಯ ಹೇಳಿಕೊಂಡು ‘ಯಾರಿಗೂ ಹೇಳಬೇಡಿ ಅಕ್ಕಾ’ ಅಂದರೆ ಏನು ಮಾಡುತ್ತೀರಿ? 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಗುಟ್ಟು ಕಾಯುತ್ತೇನೆಂದು ಮೊದಲೇ ಮಾತು ಕೊಟ್ಟುಬಿಟ್ಟಿದ್ದರೆ ಸಿಕ್ಕಿಹಾಕಿಕೊಂಡಿರಿ. ಇಂಥ ಹೊತ್ತಿನಲ್ಲಿ ಓಡಿಹೋಗಿ ಕೇಳಲು ಮೇಲೊಬ್ಬ ಸೂಪರ್‌ವೈಸರ್ ಬೇಕು. ಮೈನರಿನ ನಾಲ್ಕಾರು ಪೇಪರು ಅವರನ್ನು ಒದಗಿಸುವುದಿಲ್ಲ.

ಕಾನೂನನ್ನೂ ಕೇಳಿ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ‘ಕೌನ್ಸೆಲರ್’ ಪದಕ್ಕೆ ಅಂಥ ಬೇಲಿ ಇರಲಿಲ್ಲ, ಅದಕ್ಕೇ ಬೀದಿಗೊಬ್ಬರು ಹುಟ್ಟಿಕೊಂಡರು. ಆರೋಗ್ಯ ಸಂಬಂಧಿ ವೃತ್ತಿಗಳ 2021ರ ಕೇಂದ್ರ ಕಾಯ್ದೆ ಈಗ ಆ ಬೇಲಿ ಹಾಕಲು ಹೊರಟಿದೆ.

ಹಾಗಂತ ಮೈನರ್ ಬಿಡಬೇಡಿ. ಎಚ್.ಆರ್., ಬಿ.ಎಡ್., ಸಮಾಜಕಾರ್ಯ, ಎಲ್ಲಿಗೆ ಹೋದರೂ ಆ ಕಿವಿ ಕೆಲಸಕ್ಕೆ ಬರುತ್ತದೆ. ಮುಂದೆ ಓದುವುದಾದರೆ, ಬಿ.ಕಾಂ. ಆದವರನ್ನು ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂ.ಎಸ್.ಡಬ್ಲ್ಯು.ಗೆ ಹಲವು ಕಡೆ ತೆಗೆದುಕೊಳ್ಳುತ್ತಾರೆ. ಎಂ.ಎಸ್ಸಿ. ಸೈಕಾಲಜಿಗೆ ಪದವಿಯಲ್ಲೇ ಮನಃಶಾಸ್ತ್ರ ಓದಿರಬೇಕೆನ್ನುವ ವಿಶ್ವವಿದ್ಯಾಲಯಗಳಿವೆ. ಮೂರನೇ ವರ್ಷದ ಕೊನೆಗೆ ಅಳುವ ಬದಲು ಈಗಲೇ ಪ್ರಾಸ್ಪೆಕ್ಟಸ್ ತೆರೆಯಿರಿ. ಅಲ್ಲಿಯವರೆಗೆ ಗೆಳತಿ ‘ಬದುಕಿದ್ದು ಏನು ಮಾಡಲಿ’ ಎಂದರೆ ನಿಮ್ಮ ಪಠ್ಯ ಪ್ರಯೋಗಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ, ಜೊತೆಗೇ ಕೂತಿರಿ.

ಪ್ರಶ್ನೆ: ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಎಂ.ಎ. ಸೈಕಾಲಜಿ ಮಾಡಬಹುದೇ?

2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಯುಜಿಸಿ ನಿಲ್ಲಿಸಿದೆ. ಏಜೆಂಟ್ ಏನೇ ಹೇಳಲಿ, ದುಡ್ಡು ಕಟ್ಟಬೇಡಿ.

ಪ್ರಶ್ನೆ: ಎರಡು ದಿನದ ಶಿಬಿರದಲ್ಲಿ ಕೈಬರಹ ತಿದ್ದಿ ಖಿನ್ನತೆ ಹೋಗಲಾಡಿಸುವುದನ್ನು ಕಲಿಸುತ್ತಾರಂತೆ, ಸರ್ಟಿಫಿಕೇಟೂ ಇದೆ. ಸೇರಲೇ?

ಅಕ್ಷರ ದುಂಡಗಾಗಬಹುದು.

ಪ್ರಶ್ನೆ: ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದರೆ ‘ಹುಚ್ಚರ ಡಾಕ್ಟರ್ ಆಗ್ತೀಯಾ’ ಅಂತ ಅಪ್ಪ ಬೈಯುತ್ತಾರೆ.

ಮನೋವೈದ್ಯರಾಗಲು ಮೊದಲು ಎಂ.ಬಿ.ಬಿ.ಎಸ್. ಓದಬೇಕು. ನಿಮ್ಮದು ಬಿ.ಎ. ಅಪ್ಪನಿಗೆ ಗಾಬರಿ ಬೇಡ ಅನ್ನಿ.