ರೊಟ್ಟಿ, ಅಗಸಿ ಚಟ್ನಿ ಇರಲಿ. ಮಾತ್ರೆ ಬಿಡುವುದು ಬೇಡ

ಇಂಡಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ತಂಗಿಗೆ ಎರಡನೇ ಹೆರಿಗೆಯಾದ ಮೂರು ವರ್ಷಕ್ಕೆ ಎಡ ಮೊಲೆಯಲ್ಲಿ ಗಂಟಾಗಿ ಕೆಂಪೇರಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಲ್ಲ, ಗ್ರ್ಯಾನ್ಯುಲೋಮ್ಯಾಟಸ್ ಮ್ಯಾಸ್ಟೈಟಿಸ್ (ಮೊಲೆಯಲ್ಲಿ ಗಂಟು ಕಟ್ಟುವ ಒಂದು ಬಗೆಯ ಉರಿಯೂತ) ಎಂದು ಬಂತು. ಸ್ಟೀರಾಯ್ಡ್ ಮಾತ್ರೆ ನಡೆದಿದೆ. ಸಾಂಪ್ರದಾಯಿಕ ಊಟ ಮಾಡುವವರಲ್ಲಿ ಇಂಥ ಉರಿಯೂತ ಕಡಿಮೆ ಎಂಬ ಸುದ್ದಿ ಓದಿದ ಮನೆಯವರು ಮಾತ್ರೆ ನಿಲ್ಲಿಸಿ ಜೋಳದ ರೊಟ್ಟಿ, ಅಗಸಿ ಪುಡಿಯಲ್ಲೇ ಗುಣಪಡಿಸೋಣ ಎನ್ನುತ್ತಾರೆ. ಇದು ಸರಿಯೇ?

ಸಂಪಾದಕರ ಉತ್ತರ:

ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆ ಕೆಲವು ವಾರ ನುಂಗಿದ ಮೇಲೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ಬಿಟ್ಟರೆ ವಾಂತಿ, ತಲೆಸುತ್ತು ಬಂದು ರಕ್ತದೊತ್ತಡ ಕುಸಿಯಬಹುದು, ಗಂಟೂ ಮರುಕಳಿಸಬಹುದು. ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಇನ್ನು ಆ ಸಂಶೋಧನೆ. ಇಂಥ ಅಧ್ಯಯನಗಳಲ್ಲಿ ಬಹುಪಾಲು ರೋಗ ಬಂದವರನ್ನೂ ಬಾರದವರನ್ನೂ ಕೂಡಿಸಿ, ಹಿಂದೆ ಏನೇನು ಎಷ್ಟು ಸಲ ಉಂಡಿರಿ ಎಂದು ಕೇಳಿ ತಾಳೆ ನೋಡುತ್ತವೆ. ಕಾಳು, ಸೊಪ್ಪು, ಇಡೀ ಧಾನ್ಯ ಉಣ್ಣುವವರಲ್ಲಿ ರೋಗ ಕಡಿಮೆ ಕಂಡರೆ ಅದು ನಂಟು. ಊಟವೇ ತಡೆಯಿತು ಎಂಬುದಕ್ಕೆ ಸಾಕ್ಷಿಯಲ್ಲ. ನೆನಪು ತಪ್ಪಿರುತ್ತದೆ, ನೋವು ಶುರುವಾದ ಮೇಲೆ ಊಟ ಬದಲಿಸಿದವರೂ ಇರುತ್ತಾರೆ, ಚೆನ್ನಾಗಿ ಉಣ್ಣುವವರಲ್ಲಿ ಧೂಮಪಾನ ಕಡಿಮೆ ಇರಬಹುದು. ಬಂದ ರೋಗವನ್ನು ಊಟ ವಾಸಿಮಾಡುತ್ತದೆಯೇ ಎಂಬುದಂತೂ ಬೇರೆಯೇ ಪ್ರಶ್ನೆ. ಅಗಸಿ ಪುಡಿಯನ್ನು ದಿನಕ್ಕೆ ಸುಮಾರು 25 ಗ್ರಾಂ ಕೊಟ್ಟು ನೋಡಿದ ಸಣ್ಣ ಪ್ರಯೋಗಗಳಿವೆ. ಅಲ್ಲಿ ಪರೀಕ್ಷಿಸಿದ್ದು ಮುಟ್ಟಿನ ಮುಂಚೆ ಬರುವ ಮೊಲೆ ನೋವನ್ನು, ಗಂಟಾಗಿ ಕೀವು ಕಟ್ಟುವ ಈ ಉರಿಯೂತವನ್ನಲ್ಲ.

ಮನೆಯವರ ಕಾಳಜಿ ಎಲ್ಲಕ್ಕಿಂತ ಮೊದಲು ಹೋಗಬೇಕಾದ್ದು ಟಿಬಿ ಕಡೆಗೆ. ಮೊಲೆಯ ಟಿಬಿ ಸೂಕ್ಷ್ಮದರ್ಶಕದಡಿ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಅದು ಇದ್ದಾಗ ಬರೀ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಕೆರಳುತ್ತದೆ. ಬಯಾಪ್ಸಿ ತುಣುಕಿಗೆ ಸಿಬಿನ್ಯಾಟ್ (ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಮತ್ತು ಟಿಬಿ ಕಲ್ಚರ್ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಆಗಿದೆಯೇ ಎಂದು ಕೇಳಿ. ಸಿಬಿನ್ಯಾಟ್ ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲವೆಂದಲ್ಲ. ಕಲ್ಚರ್ ಉತ್ತರಕ್ಕೆ 6ರಿಂದ 8 ವಾರ ಬೇಕಾಗಬಹುದು. ಕೀವು ತೆಗೆದಿದ್ದರೆ, ಈ ಕಾಯಿಲೆಯಲ್ಲಿ ಕೆಲವೊಮ್ಮೆ ಸಿಗುವ ಕೊರಿನೆಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಹುಡುಕಲು ಲ್ಯಾಬಿಗೆ ಮೊದಲೇ ಹೇಳಬೇಕು. ಅದು ನಿಧಾನ ಬೆಳೆಯುವ ಜೀವಿ, ಎರಡು ದಿನಕ್ಕೇ ಕಲ್ಚರ್ ತಟ್ಟೆ ಎತ್ತಿಟ್ಟರೆ ಕಾಣದೇ ಹೋಗುತ್ತದೆ.

ಊಟದ ಪಾಲು ನಿಜವಾಗಿ ದೊಡ್ಡದಾಗುವುದು ಸ್ಟೀರಾಯ್ಡ್ ನಡೆದಿರುವಾಗ. ಅದು ಸಕ್ಕರೆ ಏರಿಸುತ್ತದೆ, ಮೈಯಲ್ಲಿ ನೀರು ಹಿಡಿಸುತ್ತದೆ, ಎಲುಬು ಸವೆಸುತ್ತದೆ, ಹಸಿವು ಹೆಚ್ಚಿಸುತ್ತದೆ. ಅದಕ್ಕೇ ಎರಡು ಜೋಳದ ರೊಟ್ಟಿ, ಮಡಿಕೆಕಾಳು ಇಲ್ಲವೇ ಹೆಸರುಕಾಳು, ಮೆಂತ್ಯ ಪಲ್ಯ, ಒಂದು ಬಟ್ಟಲು ಮೊಸರು ಒಳ್ಳೆಯ ಊಟವೇ. ಅಗಸಿಯನ್ನು ಹುರಿದು ಕುಟ್ಟಿಯೇ ತಿನ್ನಬೇಕು, ಇಡೀ ಬೀಜ ಜೀರ್ಣವಾಗದೆ ಹಾಗೇ ಹೊರಬೀಳುತ್ತದೆ. ದಿನಕ್ಕೆ ಒಂದೆರಡು ಚಮಚ ಸಾಕು. ಆದರೆ ಚಟ್ನಿಪುಡಿಯ ಉಪ್ಪು ಅರ್ಧಕ್ಕೆ ಇಳಿಸಿ, ಉಪ್ಪಿನಕಾಯಿ ಬದಿಗಿಡಿ. ಬಾಣಂತನದ ಅಂಟಿನ ಉಂಡಿ ಶಕ್ತಿಗೆಂದು ಕೊಡುವ ಮನಸ್ಸಾಗುತ್ತದೆ. ಅದರ ಬೆಲ್ಲ ಈಗ ನೇರ ಸಕ್ಕರೆಗೆ ಸೇರುತ್ತದೆ, ಬೇಡ. ಮಾತ್ರೆ ಬೆಳಿಗ್ಗೆ ತಿಂಡಿಯಾದ ಮೇಲೆ. ರಕ್ತದ ಸಕ್ಕರೆ, ಬಿಪಿ ಆಗಾಗ ನೋಡಿಸಿ.

ಎಕ್ಕೆ ಎಲೆ ಬಿಸಿಮಾಡಿ ಕಟ್ಟಬೇಡಿ, ಅದರ ಹಾಲು ಚರ್ಮ ಸುಡುತ್ತದೆ. ಗಂಟನ್ನು ತಿಕ್ಕಿ ಒತ್ತುವುದೂ ಬೇಡ. ಮತ್ತೆ ಮತ್ತೆ ಕೊಯ್ದು ಬರಿದು ಮಾಡಿದ ಗಾಯಗಳು ತಿಂಗಳುಗಟ್ಟಲೆ ಸೋರುವುದುಂಟು. ಕೀವು ನಿಂತಿದ್ದರೆ ಸ್ಕ್ಯಾನ್ ನೋಡಿ ಸೂಜಿಯಿಂದ ಎಳೆಯುವ ದಾರಿ ಇದೆಯೇ ಎಂದು ಮೊದಲು ಕೇಳಿ. ಮುಂದೆ ಮೆಥೊಟ್ರೆಕ್ಸೇಟ್ (ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧಿ) ಬರೆದರೆ ಅದು ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿದವರ ಜೀವಕ್ಕೇ ಕುತ್ತು ಬಂದದ್ದುಂಟು, ಗರ್ಭ ನಿಲ್ಲದಂತೆಯೂ ನೋಡಿಕೊಳ್ಳಬೇಕು. ಈ ಕಾಯಿಲೆ ಇಳಿಯಲು ಹಲವು ತಿಂಗಳು, ಕೆಲವರಲ್ಲಿ ವರ್ಷವೂ ಬೇಕು. ಗಂಟು ದೊಡ್ಡದಾದರೆ, ಜ್ವರ ಬಂದರೆ, ತೊಟ್ಟು ಒಳಗೆ ಸೆಳೆದರೆ ಕಾಯಬೇಡಿ. ಬಯಾಪ್ಸಿಯ ಸ್ಲೈಡ್, ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಣುಕು) ಎರಡನ್ನೂ ಆಸ್ಪತ್ರೆಯಿಂದ ಪಡೆದು, ವಿಜಯಪುರ ಅಥವಾ ಬೆಳಗಾವಿಯ ವೈದ್ಯಕೀಯ ಕಾಲೇಜಿನಲ್ಲಿ ಇನ್ನೊಬ್ಬ ರೋಗಶಾಸ್ತ್ರಜ್ಞರಿಗೂ ತೋರಿಸಿ.